ಕುರಿ ಹೋದವು, ದೊಡ್ಡವ್ವ ಉಳಿದಳು

ದೊಡ್ಡವ್ವನ ಎಡತೋಳಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಬೆಳ್ಳಿ ಕಡಗವಿತ್ತು. ಮದುವೆಯಲ್ಲಿ ಹಾಕಿದ್ದು. ಆಮೇಲೆ ತೋಳು ಬಲಿತು, ಕಡಗ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಅಲ್ಲೇ ಉಳಿದುಬಿಟ್ಟಿತ್ತು. ಭಾಲ್ಕಿಯ ದವಾಖಾನೆಯಲ್ಲಿ ಬಿಪಿ ನೋಡಲು ಬಂದ ನರ್ಸ್, ಪಟ್ಟಿಯನ್ನು ಎಲ್ಲಿ ಸುತ್ತಬೇಕೆಂದು ತಿಳಿಯದೆ, "ಇದನ್ನ ತೆಗೀರಿ" ಎಂದಳು.

"ಇದನ್ನ ತೆಗಿಬೇಕಂದ್ರ ಮೊದಲ ತೋಳು ತೆಗಿಬೇಕಾಗ್ತದ. ನೋಡವ್ವ, ನಿನಗ ಹ್ಯಾಂಗ ಅನುಕೂಲ ಆಗ್ತದ ಹಂಗ ಮಾಡು" ಎಂದಳು ದೊಡ್ಡವ್ವ.

ಕೊನೆಗೆ ಬಲತೋಳಿಗೆ ಪಟ್ಟಿ ಸುತ್ತಿದರು. ನರ್ಸ್ ಒಮ್ಮೆ ಗಾಳಿ ತುಂಬಿ ನೋಡಿದಳು, ಇನ್ನೊಮ್ಮೆ ತುಂಬಿ ನೋಡಿದಳು, ಡಾಕ್ಟರನ್ನು ಕರೆಯಲು ಎದ್ದು ಹೋದಳು. ದೊಡ್ಡವ್ವ ನನ್ನ ಕಡೆ ತಿರುಗಿ, "ಆತಲ್ಲ? ಇನ್ನ ನಡಿ, ಊರಾಗ ಕುದುರಿ ಹೇರು ಹೊತ್ತ ನಿಂತದ" ಎಂದಳು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ನಮ್ಮದು ಔರಾದ್ ಕಡೆಯ ಊರು, ಕುರಿ ಸಾಕುವ ಮನೆತನ. ದೀಪಾವಳಿ ಮುಗಿಯಿತೆಂದರೆ ದೊಡ್ಡಪ್ಪ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೊರಡುತ್ತಿದ್ದರು. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಮೇವು, ಕೆರೆಗಳಲ್ಲಿ ನೀರು. ಮತ್ತೆ ಊರಿಗೆ ಬರುವುದು ಮುಂಗಾರು ಬಿದ್ದ ಮೇಲೆಯೇ. ಕುರಿಯ ಜೊತೆ ಒಬ್ಬ ಹೆಂಗಸು ಹೋಗಲೇಬೇಕು. ಅಡುಗೆಗೆ ಮಾತ್ರವಲ್ಲ. ದಾರಿಯಲ್ಲಿ ಕುರಿ ಈಯುತ್ತವೆ. ನಡೆಯಲಾರದ ಎಳೆ ಮರಿಗಳನ್ನು ಹೊತ್ತುಕೊಂಡು ಹೋಗಬೇಕು, ತಾಯಿಗೆ ಹಚ್ಚಿ ಹಾಲು ಕುಡಿಸಬೇಕು. ನಮ್ಮ ಮನೆಯಲ್ಲಿ ಹಾಗೆ ಹೋಗುವವಳು ಯಾವಾಗಲೂ ದೊಡ್ಡವ್ವ. ಹೊಲ, ಎಮ್ಮೆ, ಮಕ್ಕಳು ಎಂದು ಮನೆಯಲ್ಲಿ ಉಳಿಯುವವಳು ಯಾವಾಗಲೂ ನನ್ನ ಅವ್ವ. ಇದನ್ನು ಯಾರು ನಿರ್ಧರಿಸಿದರೋ ಗೊತ್ತಿಲ್ಲ. ನಾನು ಕಣ್ಣು ಬಿಟ್ಟಾಗ ಹಾಗಿತ್ತು.

ಹೊಟ್ಟೆಕಿಚ್ಚು ನಮ್ಮ ಮನೆಯಲ್ಲಿ ಮುಚ್ಚಿಡುವ ವಿಷಯವಾಗಿರಲಿಲ್ಲ. ಅವ್ವನಿಗೆ ದೊಡ್ಡವ್ವನನ್ನು ಕಂಡರೆ ಹೊಟ್ಟೆಕಿಚ್ಚು. ಊರೂರು ನೋಡಿ, ತೆಲುಗು ಕಲಿತು, ನಿಜಾಮಾಬಾದಿನ ಸಂತೆಯಿಂದ ಬಳೆ ತೊಟ್ಟು ಬರುತ್ತಿದ್ದ ದೊಡ್ಡವ್ವನ ಸುತ್ತ ನಾವು ಮಕ್ಕಳು ಮುತ್ತಿಕೊಂಡಾಗ ಅವ್ವ ಒಲೆಯ ಮುಂದೆ ಕೂತು ಪಾತ್ರೆ ಸದ್ದು ಮಾಡುತ್ತಿದ್ದಳು. "ತಿರಗಾಡಿ ಬಂದಾಕಿಗಿ ಎಲ್ಲಾರೂ ಅರೆ. ಮನಿ ಕಾಯ್ದಾಕಿಗಿ ಯಾರು ಅರೆ?" ಎನ್ನುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಇನ್ನೂ ಸಣ್ಣದು, ಆದರೆ ಖಾರವಾದದ್ದು. ನನಗೆ ಮರಿಗಳ ಮೇಲೆ ಹೊಟ್ಟೆಕಿಚ್ಚು. ಹೊರಡುವ ದಿನ ದೊಡ್ಡವ್ವನ ಹೆಗಲಿನ ಕಂಬಳಿ ಚೀಲದಿಂದ ಮರಿಗಳು ತಲೆ ಹೊರಗೆ ಹಾಕಿ ನನ್ನನ್ನು ನೋಡುತ್ತಿದ್ದವು. ನಾನು ಪಾಟಿಚೀಲ ಹಿಡಿದು ಸಾಲಿಗೆ ಹೋಗಬೇಕು, ಅವು ಅವಳ ಹೆಗಲೇರಿ ಗೋದಾವರಿ ನೋಡಲು ಹೋಗಬೇಕು. ಇದ್ಯಾವ ನ್ಯಾಯ?

ಅವಳು ನೆಲ ಬಿಟ್ಟು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಚಪ್ಪಲಿಯನ್ನು ಊರೊಳಗೆ ಹಾಕುತ್ತಿದ್ದಳು, ಅಡವಿಯಲ್ಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಮಾತು ಒರಟು. ಯಾರಾದರೂ ಬಂದು ಕಷ್ಟ ಹೇಳಿಕೊಂಡರೆ ಪೂರ್ತಿ ಕೇಳಿ, "ಉಂಡೀಯೇನು?" ಎಂದು ಕೇಳುತ್ತಿದ್ದಳು. ಅದೊಂದೇ ಅವಳ ಸಮಾಧಾನದ ಮಾತು.

ದವಾಖಾನೆಗೆ ಹೋದದ್ದು ಬರದ ಎರಡನೆಯ ವರ್ಷ. ಮಾಂಜ್ರಾ ಹೊಳೆಯಲ್ಲಿ ಮರಳು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಔರಾದ್, ಕಮಲನಗರದ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ ಹೊರಟಿದ್ದರು. ಮೇವಿಲ್ಲದ್ದಕ್ಕೆ ದೊಡ್ಡಪ್ಪ ದಸರೆಗೂ ಮೊದಲೇ ಹೊರಡಲು ನಿಂತರು. ಕುದುರೆಗೆ ಹೇರು ಹೇರಿಯಾಗಿತ್ತು. ದೊಡ್ಡವ್ವ ಬಗ್ಗಿ, ರಾತ್ರಿ ಕುರಿ ಕೂಡುವ ಬಲೆಯನ್ನು ಸುತ್ತುತ್ತಿದ್ದಾಗ ಮೂಗಿನಿಂದ ರಕ್ತ ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಬಲೆ ಸುತ್ತತೊಡಗಿದಳು. ಮತ್ತೆ ಇಳಿಯಿತು. ಅವ್ವ ನೋಡಿ ಕೂಗಿಕೊಂಡಳು. ಎಷ್ಟೋ ದಿನದಿಂದ ತಲೆ ಸಿಡಿಯುತ್ತಿತ್ತು, ಕಣ್ಣು ಕತ್ತಲೆ ಬರುತ್ತಿತ್ತು ಎಂಬುದು ಆಮೇಲೆ ಹೊರಬಿತ್ತು. ನಾನು ಆಗಷ್ಟೇ ಭಾಲ್ಕಿಯಲ್ಲಿ ಸಾಲಿ ಶಿಕ್ಷಕಿಯಾಗಿ ಸೇರಿ ಒಂದು ಬಾಡಿಗೆ ಮನೆ ಹಿಡಿದಿದ್ದೆ. ಅಪ್ಪ ಅವಳನ್ನು ಬಸ್ಸಿನಲ್ಲಿ ನನ್ನ ಬಳಿಗೆ ಕರೆತಂದರು.

ಡಾಕ್ಟರಮ್ಮ ಮೈಸೂರು ಕಡೆಯವರು, ಚಿಕ್ಕ ವಯಸ್ಸು. "ಈ ವರ್ಷ ಪ್ರಯಾಣ ಬೇಡಮ್ಮ. ಮಾತ್ರೆ ನಿಮಗೆ ಹೊಂದುತ್ತದೋ ಇಲ್ಲವೋ ನೋಡಬೇಕು. ವಾರವಾರ ಬಂದು ಬಿಪಿ ತೋರಿಸಬೇಕು" ಎಂದರು.

"ಪ್ರಯಾಣ ಯಾರ್ ಹೊಂಟಾರ್ರಿ? ನಾ ಕುರಿ ಹಿಂದ ಹೊಂಟೀನಿ" ಎಂದಳು ದೊಡ್ಡವ್ವ.

"ಅಡವಿಯಲ್ಲಿ ಪಾರ್ಶ್ವವಾಯು ಹೊಡೆದರೆ ಯಾರು ನೋಡುತ್ತಾರೆ? ಕೈಕಾಲು ಬಿದ್ದುಹೋದರೆ ಮತ್ತೆ ಯಾವ ವರ್ಷವೂ ನಡೆಯುವುದಿಲ್ಲ."

ಕಾಯಿಲೆಯ ಹೆಸರು ಕೇಳಿ ದೊಡ್ಡವ್ವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಸಂಜೆ ದೊಡ್ಡಪ್ಪನ ಫೋನ್ ಬಂತು. ಕುರಿ ನಿಲ್ಲಿಸಲು ಸಾಧ್ಯವಿಲ್ಲ, ಮೇವು ಮುಗಿದಿದೆ. ಮರಿ ನೋಡಿಕೊಳ್ಳಲು ಈ ಸಲ ತಮ್ಮನ ಹೆಂಡತಿ, ಅಂದರೆ ನನ್ನ ಅವ್ವ, ಬರುತ್ತಾಳೆ ಎಂದರು. ಆಗ ನೋಡಬೇಕಿತ್ತು ಅವಳ ಮುಖ.

"ಆಕೀ? ಆಕೀಗಿ ಮರಿ ತಲಿ ಯಾವ್ದು, ಬಾಲ ಯಾವ್ದು ಗೊತ್ತದೇನು?" ಎಂದವಳೇ ಗೋಡೆಗೆ ಮುಖ ಮಾಡಿ ಮಲಗಿ ಅತ್ತಳು. ನನಗೆ ಸಂಕಟವೂ ಆಯಿತು, ಒಳಗೊಳಗೇ ಸಂತೋಷವೂ ಆಯಿತು. ನಾನು ಹುಟ್ಟಿದಾಗಿನಿಂದ ಕುರಿಗಳ ಪಾಲಾಗಿದ್ದ ದೊಡ್ಡವ್ವ ಈ ವರ್ಷ ಪೂರಾ ನನ್ನವಳು ಎಂದುಕೊಂಡೆ.

ನನ್ನ ಲೆಕ್ಕ ತಪ್ಪಿತ್ತು. ಅವಳ ಮೈ ಭಾಲ್ಕಿಯಲ್ಲಿತ್ತು ಅಷ್ಟೆ. ಬೆಳಗ್ಗೆ ನಾನು ರೊಟ್ಟಿ ಬಡಿಯುವಾಗ, "ಈಗ ಕುರಿ ಬಿಚಕುಂದಾ ದಾಟಿರಬೇಕು" ಎನ್ನುವಳು. ಟ್ಯಾಂಕರ್ ಬಂದು ನಾನು ಕೊಡ ಹಿಡಿದು ಓಡುವಾಗ, "ಅಲ್ಲಿ ಕೆರಿ ತುಂಬ್ಯಾದಂತ. ನಿಮ್ಮವ್ವ ಅರಾಮ್ ಝಳಕ ಮಾಡ್ಲತ್ತಾಳ" ಎನ್ನುವಳು. ನನಗೆ ಈಗ ಮರಿಗಳ ಜೊತೆ ಅವ್ವನ ಮೇಲೂ ಹೊಟ್ಟೆಕಿಚ್ಚಾಗತೊಡಗಿತು. ದೊಡ್ಡವ್ವನ ಬಾಯಲ್ಲಿ ಹಗಲೆಲ್ಲ ಅವಳದೇ ಹೆಸರು.

ಗುಳಿಗೆ ಅವಳಿಗೆ ಸುಲಭಕ್ಕೆ ಹೊಂದಲಿಲ್ಲ. ಮೊದಲ ಗುಳಿಗೆಗೆ ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಆಮೇಲೆ ಪಾದ ಊದಿದವು. ಒತ್ತಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಅದು ಗುಳಿಗೆಯಿಂದ ಆದದ್ದು ಎಂದರೆ ಅವಳು ಒಪ್ಪಲಿಲ್ಲ. "ಗುಳಗಿಲಿಂದ ಅಲ್ಲ, ನಡಿಲಾರದಕ್ಕ ಊದ್ಯಾವ. ಕಾಲಿಗಿ ಸಿಟ್ಟು ಬಂದದ" ಎಂದಳು. ಉಪ್ಪಿನದು ಇನ್ನೊಂದು ರಗಳೆ. ಪುಂಡಿಪಲ್ಯಕ್ಕೆ ನಾನು ಚಿಟಿಕೆ ಉಪ್ಪು ಹಾಕಿ ಕೊಟ್ಟರೆ ತಟ್ಟೆ ದೂಡಿ, "ಕುರಿಗಿ ನೆಕ್ಕಾಕ ಹಳ್ಳುಪ್ಪು ಇಡ್ತೇವಿ. ನನಗ ಅದೂ ಇಲ್ಲ. ಕುರಿ ಆಗಿ ಹುಟ್ಟಿದ್ರ ಛಲೋ ಇತ್ತು" ಎಂದಳು. ಕುರಿಗಳ ಉಪ್ಪಿನ ಮೇಲೂ ಹೊಟ್ಟೆಕಿಚ್ಚುಪಟ್ಟವಳನ್ನು ನಾನು ಬೇರೆ ಕಂಡಿಲ್ಲ.

ಪಾದದ ಊತಕ್ಕೆಂದು, ಎದೆಯ ಪರೀಕ್ಷೆಗೆಂದು ಡಾಕ್ಟರಮ್ಮ ಬೀದರಿಗೆ ಕಳಿಸಿದರು. ಅಲ್ಲಿ ಗುಳಿಗೆ ಬದಲಾಯಿಸಿ ಕೊಟ್ಟರು. ವಾಪಸ್ ಬರುವಾಗ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸಿಗೆ ಕಾಯುತ್ತ ಕೂತೆವು. ದೊಡ್ಡವ್ವ ಎಂದಿನಂತೆ ನೆಲದ ಮೇಲೆ. ಎದುರಿಗೆ ಹೈದರಾಬಾದ್ ಬಸ್ಸಿನ ಜಾಗದಲ್ಲಿ ಒಂದು ಸಂಸಾರ ಗಂಟುಗಳ ನಡುವೆ ಕೂತಿತ್ತು. ಬುಟ್ಟಿಯಲ್ಲಿ ಪಾತ್ರೆ, ಸುತ್ತಿಟ್ಟ ಹಾಸಿಗೆ, ಒಂದು ಸಲಿಕೆ. ಆ ಮನೆಯ ಹೆಂಗಸು ದೊಡ್ಡವ್ವನಿಗಿಂತ ಸ್ವಲ್ಪ ಚಿಕ್ಕವಳು. ದೊಡ್ಡವ್ವ ಅವಳನ್ನೇ ನೋಡುತ್ತಿದ್ದಳು. ಅದು ಎಂಥ ನೋಟ ಎಂದು ನಾನು ಗುರುತಿಸಿದೆ. ನನ್ನ ಚಿಕ್ಕಂದಿನಲ್ಲಿ ನಾನು ಕಂಬಳಿ ಚೀಲವನ್ನು ನೋಡುತ್ತಿದ್ದ ನೋಟ.

"ಎಲ್ಲಿಗಿ ಹೊಂಟೀರವ್ವ?" ಎಂದು ಕೇಳಿದಳು.

"ಹೈದರಾಬಾದ್‌ರಿ. ಬಿಲ್ಡಿಂಗ್ ಕೆಲಸಕ್ಕ. ನೀವೆಲ್ಲಿಗಿರಿ?"

"ನಾ ಎಲ್ಲಿಗೂ ಇಲ್ಲ. ಮನಿಗಿ. ಡಾಕ್ಟರ್ ಬ್ಯಾಡ ಅಂದಾಳ. ಎಲ್ಲಾರೂ ಹೊಂಟೀರಿ, ನಾ ಒಬ್ಬಾಕಿ ಗುಳಗಿ ನುಂಗಕೋತ ಕೂತೀನಿ."

ಆ ಹೆಂಗಸು ದೊಡ್ಡವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ದನಿ ಬಿಗಿಯಾಯಿತು. "ನಾ ಮೂರು ಎಕರೆ ಹೊಲ, ಮನಿ ಎಲ್ಲಾ ಬಿಟ್ಟು ಹೊಂಟೀನ್ರಿ. ನಮ್ಮ ಅತ್ತಿ ಒಬ್ಬಾಕಿ ಬರಂಗಿಲ್ಲ ಅಂದು ಅಲ್ಲೇ ಉಳದಾಳ. ನಿಮಗ ಮನ್ಯಾಗ ಕುಂದ್ರಿಸಿ ಗುಳಗಿ ಕೊಡೋರು ಅರೆ. ನಿಮ್ಮ ನಸೀಬ ನನಗ ಕೊಡ್ರಿ, ನನ್ನ ಗಂಟು ನೀವು ಹೊರ್ರಿ. ಬದಲಿ ಮಾಡ್ಕೊಳ್ಳೂಣು, ಬರ್ತೀರೇನು?"

ಜಗತ್ತಿನಲ್ಲಿ ಹೋಗುವವರನ್ನು ಕಂಡು ಉಳಿದವರಿಗೆ ಹೊಟ್ಟೆಕಿಚ್ಚಾಗುತ್ತದೆಂದು ದೊಡ್ಡವ್ವ ತಿಳಿದಿದ್ದಳು. ಉಳಿದವಳನ್ನು ಕಂಡು ಒಬ್ಬಳಿಗೆ ಹೀಗೆ ಆಗಬಹುದೆಂದು ಅವಳಿಗೆ ಅಂದೇ ಗೊತ್ತಾದದ್ದು. ನಮ್ಮ ರೊಟ್ಟಿಯ ಗಂಟು ಬಿಚ್ಚಿ, "ಉಂಡೀಯೇನು?" ಎಂದಳು. ಆ ಹೆಂಗಸು ಬೇಡ ಎನ್ನುತ್ತಲೇ ಕೈ ಚಾಚಿದಳು. ಇಬ್ಬರೂ ಒಂದೇ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರು. ದೊಡ್ಡವ್ವ ಅಂದು ಎಷ್ಟು ಉಪ್ಪು ತಿಂದಳೋ ನಾನು ನೋಡಲಿಲ್ಲ.

ಆದರೂ ಅವ್ವನ ಮೇಲಿನ ಉರಿ ಇಳಿಯಲಿಲ್ಲ. ದೊಡ್ಡಪ್ಪನ ಮೊಬೈಲಿನಿಂದ ಅವ್ವ ಆಗಾಗ ಮಾತಾಡುತ್ತಿದ್ದಳು. ಮೊದಮೊದಲು ಕಾಲುನೋವು, ಸೊಳ್ಳೆ ಎಂದು ಗೊಣಗಿದವಳು ಬರುಬರುತ್ತಾ ನಗತೊಡಗಿದಳು. ಗೋದಾವರಿ ನೋಡಿದೆ ಎಂದಳು. ಗೊಬ್ಬರಕ್ಕೆಂದು ರಾತ್ರಿ ಗದ್ದೆಯಲ್ಲಿ ಕುರಿ ತರುಬಿದ್ದಕ್ಕೆ ರೈತನ ಹೆಂಡತಿ ಸೀರೆ ಉಡಿಸಿದಳಂತೆ. ಅವ್ವ ಹೀಗೆ ನಗಬಲ್ಲಳು ಎಂಬುದೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಇಷ್ಟು ವರ್ಷ ನನ್ನ ಜೊತೆ ಇದ್ದಾಗ ನಗದವಳು ಕುರಿಗಳ ಜೊತೆ ನಗುತ್ತಾಳಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು.

ಒಂದು ದಿನ ಅವ್ವನ ದನಿಯಲ್ಲಿ ಗಾಬರಿಯಿತ್ತು. ಚೊಚ್ಚಲು ಕುರಿಯೊಂದು ಈದು ತನ್ನ ಮರಿಯನ್ನೇ ಒದೆಯುತ್ತಿದೆ, ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. "ಅಕ್ಕನಿಗಿ ಕೇಳು, ಹ್ಯಾಂಗ ಮಾಡ್ಬೇಕು ಅಂತ" ಎಂದಳು. ಇಂಥ ಕುರಿಗಳನ್ನು ದಾರಿಗೆ ತರುವುದರಲ್ಲಿ ದೊಡ್ಡವ್ವ ನಿಸ್ಸೀಮಳು ಎಂದು ಸುತ್ತಿನ ಹಟ್ಟಿಗಳಿಗೆಲ್ಲ ಗೊತ್ತು. ನಾನು ಫೋನ್ ಕೊಡಲು ಹೋದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಸೀರಿ ಉಡಿಸಿಕೊಂಡಾಳಲ್ಲ, ಆ ರೈತನ ಹೇಣ್ತಿಗಿ ಕೇಳು ಅನ್ನು."

"ದೊಡ್ಡವ್ವ, ಮರಿ ಸಾಯ್ತದ."

"ಸಾಯ್ಲಿ. ಆಕೀ ಕೈಯಾಗ ಒಂದರೆ ಮರಿ ಸಾಯ್ಬೇಕು."

ಹೇಳಿದ ಮೇಲೆ ಅವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಫೋನ್ ಮುಟ್ಟಲಿಲ್ಲ. ಮರುದಿನ ಊಟ ಬಿಟ್ಟಳು. ಮರಿ ಏನಾಯಿತೆಂದು ಕೇಳಲೂ ಇಲ್ಲ, ನಾನಾಗಿ ಹೇಳಲು ಹೋದರೆ ಎದ್ದು ಹೊರಗೆ ನಡೆದಳು.

ಹೊಸ ಗುಳಿಗೆ ಒಗ್ಗಿತು. ಊತ ಇಳಿಯಿತು, ತಲೆಸುತ್ತು ನಿಂತಿತು, ಬಿಪಿಯೂ ತಹಬಂದಿಗೆ ಬಂತು. ಡಾಕ್ಟರಮ್ಮ ಖುಷಿಯಾಗಿ ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಆ ತಿಂಗಳು ಕಳೆಯುವಷ್ಟರಲ್ಲಿ ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದಾಗ ಅವಳು ಬಾಗಿಲಲ್ಲಿ ಕುಸಿದು ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಚಪ್ಪಲಿ. ಮುಖವೆಲ್ಲ ಕೆಂಪು, ಮೂಗಿನಲ್ಲಿ ರಕ್ತ.

ದವಾಖಾನೆಯಲ್ಲಿ ಡಾಕ್ಟರಮ್ಮ, "ಮಾತ್ರೆ ತಗೊಂಡಿಲ್ಲವಾ?" ಎಂದು ಕೇಳಿದರು.

"ಬಿಟ್ಟು ಬಾಳ ದಿನ ಆತ್ರಿ. ಅರಾಮ್ ಆಗಿತ್ತಲ್ಲ!" ದೊಡ್ಡವ್ವನಿಗೆ ನಿಜವಾಗಿಯೂ ಆಶ್ಚರ್ಯ. "ಕುರಿಗಿ ಜಂತಿನ ಔಷಧಿ ಮಳಿಗಾಲಕ್ಕ ಮೊದ್ಲು ಒಮ್ಮೆ ಹಾಕ್ತೇವಿ, ಮಳಿ ಮುಗದ ಮ್ಯಾಗ ಒಮ್ಮೆ. ನಡಕ ಯಾರರೆ ಹಾಕ್ತಾರೇನ್ರಿ? ನಾ ಇಷ್ಟು ನುಂಗೀನಿ, ಇನ್ನ ಎರಡು ವರ್ಷ ನಡೀತದ ತಿಳದೀನಿ."

ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ನಾನು ಈ ಮಾತನ್ನು ಮೊದಲೇ ಊಹಿಸಬೇಕಿತ್ತು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ, ಕೋಪವೂ ಬಂತು. ಇದು ಜಂತಲ್ಲ, ಸಾಯುವ ತನಕ ದಿನಾ ನುಂಗಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದರು. ಸಾಯುವ ತನಕ ಎಂಬ ಮಾತಿಗೆ ಅವಳು ಹೆದರಲಿಲ್ಲ. ಪಾರ್ಶ್ವವಾಯು ಎಂದರೆ ಈ ಸಲವೂ ಹೆದರಲಿಲ್ಲ. ಅವಳ ಗಮನ ಗಂಟಿನ ಮೇಲಿತ್ತು, ಯಾವ ಬಸ್ಸು ಹಿಡಿದರೆ ಕುರಿ ಸಿಗುತ್ತವೆ ಎಂಬುದರ ಮೇಲಿತ್ತು. ನನಗೆ ತಲೆ ಕೆಟ್ಟುಹೋಯಿತು.

"ನುಂಗಬ್ಯಾಡ, ಬಿಡು" ಎಂದೆ. "ಮುಂದಿನ ವರ್ಷನೂ ಅವ್ವನೇ ಹೋಗ್ತಾಳ. ಅದರ ಮುಂದಿನ ವರ್ಷನೂ ಆಕೀನೇ. ಆಮ್ಯಾಲ ಕುರಿ ಎಲ್ಲಾ ಆಕೀವೇ ಆಗ್ತಾವ."

ದೊಡ್ಡವ್ವ ನನ್ನನ್ನು ಕಣ್ಣು ಕೆಕ್ಕರಿಸಿ ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ಅಂಗೈ ಚಾಚಿ, "ಕೊಡ್ರಿ" ಎಂದಳು.

ಅಂದಿನಿಂದ ಅವಳು ಗುಳಿಗೆ ತಪ್ಪಿಸಿದ್ದು ನಾನು ಕಾಣೆ. ಹೊಟ್ಟೆಕಿಚ್ಚಿನಿಂದ ಒಬ್ಬಳ ಆಯಸ್ಸು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂಗಾರು ಕೊನೆಗೂ ಬಂತು. ಕುರಿ ಊರಿಗೆ ಬರುತ್ತಿವೆ ಎಂದಾಗ ನಾನು ದೊಡ್ಡವ್ವನನ್ನು ಕರೆದುಕೊಂಡು ಹೋದೆ. ಊರ ಹೊರಗಿನ ಬನ್ನಿಮರದ ಹತ್ತಿರ ನಿಂತೆವು. ಗಂಟೆ ಸದ್ದು ಕೇಳಿದ್ದೇ ತಡ ಅವಳು ಹಟ್ಟಿಯವರ ಕೂಗು ಹಾಕಿದಳು, ನಾಲಿಗೆ ಮಡಚಿ ಕೂಗುವ ಅವಳದೇ ಕೂಗು. ಮುಂದಿನ ಹಳೆಯ ಕುರಿಗಳು ತಲೆಯೆತ್ತಿ ಓಡಿ ಬಂದು ಅವಳ ಸೀರೆಗೆ ಮೂತಿ ಒರೆಸಿದವು. ಅವಳ ಮುಖ ಅರಳಿತು. ಆದರೆ ಆ ವರ್ಷ ದಾರಿಯಲ್ಲಿ ಹುಟ್ಟಿದ ಮರಿಗಳು ಅವಳನ್ನು ದಾಟಿಕೊಂಡು ಹೋದವು. ಹಿಂದೆ ಅವ್ವ ಬರುತ್ತಿದ್ದಳು. ಕರ್ರಗಾಗಿದ್ದಳು, ಸೊರಗಿದ್ದಳು, ಚಪ್ಪಲಿ ಕೈಯಲ್ಲಿತ್ತು. ಅವಳ ಕಾಲಿಗೆ ಕಾಲು ತಾಗಿಸಿಕೊಂಡು ಒಂದು ಬಿಳಿ ಮೂತಿಯ ಮರಿ ಬರುತ್ತಿತ್ತು. ಅವ್ವ ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು.

"ಇದೇನು?" ಎಂದಳು ದೊಡ್ಡವ್ವ.

"ಆ ಚೊಚ್ಚಲ ಕುರಿ ಮರಿ. ತಾಯಿ ಮುಟ್ಟಗೊಡ್ಲಿಲ್ಲ. ಆಡಿನ ಹಾಲಾಗ ಬಟ್ಟಿ ಅದ್ದಿ ಕುಡಿಸ್ದೆ. ಈಗ ನನ್ನ ಬಿಟ್ಟು ಇರಂಗಿಲ್ಲ" ಎಂದಳು ಅವ್ವ.

ದೊಡ್ಡವ್ವ ಬಹಳ ಹೊತ್ತು ಆ ಮರಿಯನ್ನು ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಮರಿ ಬೆನ್ನಿಗಿ ಉಪ್ಪು ಸವರಬೇಕು. ತಾಯಿ ನೆಕ್ಕತದ. ನೆಕ್ಕತಾ ನೆಕ್ಕತಾ ತನ್ನದು ಅಂತದ. ನೀ ಕೇಳಿದ್ದಿ. ಗೊತ್ತಿದ್ದೂ ನಾ ಹೇಳ್ಲಿಲ್ಲ."

"ಹೇಳಿದ್ರ ಇದು ನನಗ ಸಿಗ್ತಿರಲಿಲ್ಲಕ್ಕಾ" ಎಂದಳು ಅವ್ವ. ಕುಹಕವಿಲ್ಲ, ಕರುಣೆಯಿಲ್ಲ, ಇದ್ದ ಸಂಗತಿ ಹೇಳಿದ ಹಾಗೆ ಹೇಳಿದಳು. ದೊಡ್ಡವ್ವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ಕೊಡಲಾರರು.

ಆ ಸಂಜೆಯೇ ಒಪ್ಪಂದವಾಯಿತು. ದೀಪಾವಳಿಯಿಂದ ಸಂಕ್ರಾಂತಿ ತನಕ ಒಬ್ಬಳು, ಆಮೇಲೆ ಇನ್ನೊಬ್ಬಳು. ಡಾಕ್ಟರಮ್ಮ ಒಪ್ಪಿದರು, ಗುಳಿಗೆ ತಪ್ಪಿಸಬಾರದು ಎಂಬ ಷರತ್ತಿನ ಮೇಲೆ. ಅದೇ ಪ್ರಕಾರ ಎಷ್ಟೋ ವರ್ಷ ನಡೆಯಿತು. ಹೋದವಳು ಫೋನು ಮಾಡಿ ಕೆರೆ ತುಂಬಿದೆ, ಮೇವು ಮೊಣಕಾಲೆತ್ತರ ಇದೆ ಎಂದು ಬೇಕೆಂದೇ ಬಣ್ಣಿಸುವುದು. ಉಳಿದವಳು ಕೇಳಿ ಬೈಯುತ್ತ ಫೋನ್ ಇಡುವುದು, ಮರುದಿನ ಫೋನ್ ಬಾರದಿದ್ದರೆ ಚಡಪಡಿಸುವುದು. ಸಣ್ಣವಳಿದ್ದಾಗ ನಾನು ಯಾರ ಮೇಲೆ ಹೊಟ್ಟೆಕಿಚ್ಚುಪಡಬೇಕೆಂದು ಗೊತ್ತಿತ್ತು. ಈಗ ಅವರಿಬ್ಬರ ನಡುವಿನ ಆ ಜಗಳದ ಮೇಲೆಯೇ ಪಡುತ್ತಿದ್ದೆ. ನನಗೆ ಅದರಲ್ಲಿ ಪಾಲಿರಲಿಲ್ಲ.

ದೊಡ್ಡವ್ವ ತೀರಿಹೋದದ್ದು ಒಂದು ಸಂಕ್ರಾಂತಿಯ ಹೊತ್ತಿಗೆ. ಆ ಸಲದ ಮೊದಲ ಸರದಿಯಲ್ಲಿ ಕುರಿಯೊಂದಿಗೆ ತಿರುಗಿ ಊರಿಗೆ ಮರಳಿದ್ದಳು. ಅಪ್ಪನ ಜೊತೆ ಬಸ್ಸು ಹಿಡಿದು ಕುರಿ ಇದ್ದಲ್ಲಿಗೆ ಹೋಗಲು ಅವ್ವ ಗಂಟು ಕಟ್ಟಿ ಇಟ್ಟಿದ್ದಳು. ಬೆಳಗ್ಗೆ ದೊಡ್ಡವ್ವ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತವಳು ಹಾಗೆಯೇ ಗೋಡೆಗೆ ಒರಗಿದಳು. ಬಿಪಿಯದಲ್ಲ, ವಯಸ್ಸಾಗಿತ್ತು ಎಂದರು ಡಾಕ್ಟರು.

ದೊಡ್ಡಪ್ಪ ಕುರಿಯನ್ನು ಸಂಬಳಕ್ಕಿದ್ದ ಹುಡುಗನಿಗೆ ಬಿಟ್ಟು ಓಡಿ ಬಂದರು. ಮಣ್ಣು ಮಾಡಿದ ಮೇಲೆ, ಕಾರ್ಯ ಎಲ್ಲ ಮುಗಿದ ಮೇಲೆ, ಅವರು ಅವ್ವನ ಮುಂದೆ ಬಂದು ಕೂತರು. "ಕುರಿ ಈಯ್ಲತ್ತಾವವ್ವ. ಹುಡುಗನ ಕೈಲಿ ಮರಿ ನೀಗಂಗಿಲ್ಲ. ಇನ್ನ ವರ್ಷಾನುವರ್ಷ ನೀನೇ ಬರಬೇಕು, ಇನ್ನ ಯಾರ ಸರದಿ ಅಂತ ಕೇಳೂ ಹಂಗಿಲ್ಲ" ಎಂದರು.

ಅವ್ವ ಅದುವರೆಗೆ ಅತ್ತಿರಲಿಲ್ಲ. ಕಟ್ಟಿಟ್ಟ ಗಂಟನ್ನು ಎಳೆದುಕೊಂಡು ಒಂದೊಂದೇ ಸೀರೆ ತೆಗೆದು ಹೊರಗೆ ಹಾಕತೊಡಗಿದಳು.

"ನಾ ಬರಂಗಿಲ್ಲ" ಎಂದಳು. "ಆಕಿ ಇಲ್ಲಿ ಇದ್ದಳಂತ ನಾ ಅಲ್ಲಿ ಹೋಗ್ತಿದ್ದೆ. ಈಗ ನಾ ಗೋದಾವರಿ ನೋಡಿ ಬಂದು ಯಾರ ಹೊಟ್ಟಿ ಉರಸಲಿ?"